ಅಪ್‌ಡೇಟ್: ನಮ್ಮ ಕಾಂಪೌಂಡ್ ಗೋಡೆ ಮೇಲಿನ ಪೋಸ್ಟರ್ ಕೊನೆಗೂ ಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ರಾತ್ರೋರಾತ್ರಿ ಯಾರೋ ನಮ್ಮ ಗೋಡೆಗೆ ಸಾಲಾಗಿ ಆರು ಚುನಾವಣಾ ಪೋಸ್ಟರ್ ಅಂಟಿಸಿ ಹೋಗಿದ್ದಾರೆ, ಯಾರಿಗೆ ದೂರು ಕೊಡಬೇಕು ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಚುನಾವಣಾ ನಿಯಮ ಮುರಿದವರ ಮೇಲೆ ದೂರು ಕೊಡಲು ಚುನಾವಣಾ ಆಯೋಗದ್ದೇ ಸಿ-ವಿಜಿಲ್ ಅಂತ ಆ್ಯಪ್ ಇದೆ, ಅದನ್ನು ಹಾಕಿಕೊಂಡೆ. ಹಳೆಯ ಫೋಟೋ ಅದಕ್ಕೆ ಆಗುವುದಿಲ್ಲ, ಸ್ಥಳದಲ್ಲೇ ನಿಂತು ತೆಗೆಯಬೇಕು. ಹಾಗಾಗಿ ಬೆಳಿಗ್ಗೆ ಲುಂಗಿಯಲ್ಲೇ ಹೊರಗೆ ಓಡಿದೆ. 100 ನಿಮಿಷದೊಳಗೆ ಕ್ರಮ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ನಂಬಿರಲಿಲ್ಲ, ಆದರೆ ಸುಮಾರು ಒಂದೂವರೆ ಗಂಟೆಯೊಳಗೆ ಅವರ ತಂಡ ಬಂದೇಬಿಟ್ಟಿತು.

ಬಂದವರು ಮೊದಲು ನೋಡಿದ್ದು ಪೋಸ್ಟರಿನ ಕೆಳತುದಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಅಲ್ಲಿರಲೇಬೇಕಂತೆ. ನಮ್ಮದರಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು ಮಾತ್ರ ಇತ್ತು. ಅದನ್ನೂ ಬರೆದುಕೊಂಡರು.

"ನೀವು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟಿದ್ದೀರಾ ಸಾರ್?" ಅಂದರು. ಕೊಟ್ಟಿದ್ದರೆ ದೂರು ಯಾಕೆ ಕೊಡ್ತಿದ್ದೆ, ಅಲ್ವಾ? ಮಾಲೀಕರ ಒಪ್ಪಿಗೆ ಇದ್ದರೂ ಸುಮ್ನೆ ಅಂಟಿಸುವಂತಿಲ್ಲವಂತೆ. ಕರ್ನಾಟಕದಲ್ಲಿ ಊರಿನ ಅಂದ ಕೆಡಿಸುವುದನ್ನು ತಡೆಯಲು 1981ರ ಕಾಯ್ದೆಯೇ ಇದೆ.

ಪೋಸ್ಟರ್ ಕಿತ್ತರು. ಮೈದಾ ಅಂಟಿನ ಜೊತೆ ದೀಪಾವಳಿಗೆ ಹೊಡೆಸಿದ್ದ ಬಣ್ಣವೂ ಕಿತ್ತು ಬಂತು. ಆ ಖರ್ಚು ಯಾರು ಕೊಡ್ತಾರೆ ಅಂತ ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಈಗ ಗೋಡೆಯ ಮೇಲೆ ಆರು ಬಿಳಿ ಚೌಕಗಳಿವೆ.