ವಿಪರೀತ ಸಿಟ್ಟಿಗೆ ‘ಸಂತಾಪ’ ಅಂತ ಬರೆಯಬಹುದಾ? ಅನುಭವ ಇದ್ದವರು ಹೇಳಿ

ಕೋಥ್ರೂಡ್ ನಿವಾಸಿ: ಪುಣೆಯ ನಮ್ಮ ಸೊಸೈಟಿಯಲ್ಲಿ ನೀರಿನ ಟ್ಯಾಂಕರ್ ವಿಷಯಕ್ಕೆ ದೊಡ್ಡ ಗಲಾಟೆ. ಮರಾಠಿ ಪತ್ರದಲ್ಲಿ ‘ರಹಿವಾಶಾಂಚಾ ಸಂತಾಪ’, ಅಂದರೆ ನಿವಾಸಿಗಳ ಸಿಟ್ಟು ಅಂತಿದೆ. ಇಲ್ಲಿನ ಕನ್ನಡದವರಿಗೂ ಒಂದು ಪತ್ರ ಮಾಡಬೇಕು. ಸಂತಾಪ ಅಂತಲೇ ಇಡಬಹುದಾ? ನೀವೆಲ್ಲ ಏನು ಬರೆದಿದ್ದೀರಿ?

ಡೊಂಬಿವಲಿ ಮಾವ: ಖಂಡಿತ ಬೇಡ. ಹೋದ ಮಳೆಗಾಲ ರಸ್ತೆ ಗುಂಡಿಗಳ ವಿರುದ್ಧ ನಾವೂ ಬ್ಯಾನರ್ ಕಟ್ಟಿದೆವು. ‘ಆಕ್ರೋಶ’ ಅಂತ ಹಾಕಿ ಎಂದು ನಾನು ಬಡ್ಕೊಂಡೆ. ಕಮಿಟಿಯ ಒಬ್ಬರು ಮರಾಠಿ ಬ್ಯಾನರ್ ನೋಡಿ ‘ನಾಗರಿಕರ ತೀವ್ರ ಸಂತಾಪ’ ಅಂತ ಪ್ರಿಂಟ್ ಹಾಕಿಸಿಬಿಟ್ಟರು. ಊರಿಂದ ಬಂದ ನೆಂಟರು, ಯಾರು ತೀರಿಕೊಂಡರು ಅಂತ ಕೇಳಿದರು! ಆ ಬ್ಯಾನರ್ 10 ಅಡಿಗೆ 4 ಅಡಿ, ಚದರ ಅಡಿಗೆ 18ರಂತೆ 720 ರೂಪಾಯಿ. ಕನ್ನಡ ಫಾಂಟ್ ಇಲ್ಲ ಅಂತ ಅಂಗಡಿಯವನು ಮೇಲೆ 250 ಕಿತ್ತ. ಎರಡನೇ ಬ್ಯಾನರಿನಲ್ಲಿ ಒತ್ತಕ್ಷರ ಒಡೆದು ‘ಆಕ್‌ರೋಶ’ ಆಯಿತು. ಸರಿ ಮಾಡಿಸಿ ಮೂರನೆಯದು, ಒಂದೊಂದಕ್ಕೂ ಮತ್ತೆ 720. ಎರಡನೆಯದು, ಮೂರನೆಯದು ಎರಡೂ ನನ್ನ ಜೇಬಿನಿಂದ. ಇವತ್ತಿನವರೆಗೂ ಯಾರೂ ಕೊಟ್ಟಿಲ್ಲ.

ಘಾಟ್ಕೋಪರ್ ಅಕ್ಕ: ಆಕ್ರೋಶ ಅಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ನನ್ನ ಸೊಸೆ ಮರಾಠಿಯವಳು, ಕನ್ನಡ ಓದೋಕೆ ನಾನೇ ಕಲಿಸಿದೆ. ಪೇಪರಿನಲ್ಲಿ ‘ಗ್ರಾಮಸ್ಥರ ಆಕ್ರೋಶ’ ಅಂತ ಓದಿ, ಪಾಪ ಯಾಕೆ ಅಳ್ತಿದ್ದಾರೆ ಅಂದಳು. ಮರಾಠಿ ಪತ್ರಿಕೆಗಳಲ್ಲಿ ಅಪಘಾತ ಆದಾಗ ಸತ್ತವರ ಮನೆಯವರ ಗೋಳಾಟಕ್ಕೆ ಆಕ್ರೋಶ ಅಂತಾರೆ. ಮೋರ್ಚಾಕ್ಕೂ ‘ಜನ ಆಕ್ರೋಶ’ ಅನ್ನೋದುಂಟು. ಸಂಸ್ಕೃತದಲ್ಲಿ ಅದರ ಮೂಲ ಕೂಗು. ಸಂತಾಪದ್ದು ತಾಪ, ಬಿಸಿ. ಆ ಬಿಸಿ ಮರಾಠಿಯಲ್ಲಿ ಸಿಟ್ಟಾಯಿತು, ನಮ್ಮಲ್ಲಿ ದುಃಖವಾಯಿತು. ಹಾಗಾಗಿ ನಾನು ಅವಳಿಗೆ ನಮ್ಮದೇ ಪದ ಕಲಿಸಿದೆ, ಕೆಂಡಾಮಂಡಲ. ಮೊನ್ನೆ ಫೋನಿನಲ್ಲಿ ‘ಮಾವ ಕೆಂಡಾಮಂಡಲ ಆಗಿದ್ದಾರೆ’ ಅಂದಳು. ಎಷ್ಟು ಹೆಮ್ಮೆ ಆಯಿತು ಗೊತ್ತಾ!

ಡೊಂಬಿವಲಿ ಮಾವ: ಅಕ್ಕಾ, ಕೆಂಡಾಮಂಡಲ ಆಗೋದು ಒಬ್ಬ ಮನುಷ್ಯ. ಇಡೀ ಸೊಸೈಟಿ ಪತ್ರದಲ್ಲಿ ಕೆಂಡಾಮಂಡಲ ಆಗುತ್ತಾ? ಕನ್ನಡದವರಿಗೆ ಬರೆಯುವಾಗ ಮರಾಠಿ ಅರ್ಥ ಯಾಕೆ ತರ್ತೀರಿ? ನಾನು ದುಡ್ಡು ಕಳ್ಕೊಂಡು ಹೇಳ್ತಿದ್ದೀನಿ.

ಘಾಟ್ಕೋಪರ್ ಅಕ್ಕ: ಅರ್ಧ ಮನೆಗಳಲ್ಲಿ ಮರಾಠಿ ಸೊಸೆಯಂದಿರಿದ್ದಾರೆ, ಅವರೂ ಓದ್ತಾರೆ. ದುಡ್ಡು ಕೊಟ್ಟ ಮಾತ್ರಕ್ಕೆ ಪದ ನಿಮ್ಮದಾಗಲ್ಲ.

ವಾಸ್ಕೊ, ಮೂಲ ಧಾರವಾಡ: ಗುಂಪಿನ ಸಿಟ್ಟಿಗೆ ರೊಚ್ಚು ಅನ್ನೋ ಪದ ಇರುವಾಗ ಈ ಜಗಳ ಯಾಕೆ? ನಮ್ಮ ಯಾರ್ಡಿನಲ್ಲಿ ಓವರ್‌ಟೈಮ್ ದುಡ್ಡು ಬಾಕಿ ಇತ್ತು. ‘ಕೆಲಸಗಾರರು ರೊಚ್ಚಿಗೆದ್ದಿದ್ದಾರೆ’ ಅಂತ ಬರೆದು ಕೊಟ್ಟೆ. ಗುತ್ತಿಗೆದಾರನ ಮೇಸ್ತ್ರಿ ಬಾಗಲಕೋಟೆಯವನು, ಓದಿದ ಕೂಡಲೇ ಅರ್ಥ ಆಯಿತು. ರೊಚ್ಚಿಗೆದ್ದವರು ಕಲ್ಲು ಎತ್ತುತ್ತಾರೆ ಅಂತ ಗೇಟಿಗೆ ಪೊಲೀಸರನ್ನು ಕರೆಸಿದ. ಎಲ್ಲರ ಬಾಕಿ ಬಂತು. ನನ್ನ ಗೇಟ್ ಪಾಸ್ ಹೋಯಿತು. ಆಮೇಲೆ ಬೇರೆ ಕಡೆ ಕಡಿಮೆ ಸಂಬಳಕ್ಕೆ ಸೇರಿದೆ. ಆದರೂ ಅದೇ ಸರಿಯಾದ ಪದ.

ಮುಲುಂಡ್ ವೇಷಧಾರಿ: ಸೊಸೈಟಿ ಪತ್ರಕ್ಕೆ ರೊಚ್ಚು ಹಾಕಿ ಪೊಲೀಸರನ್ನು ಕರೆಸಬೇಡಿ. ನಮ್ಮ ಬಿಲ್ಡಿಂಗಿನವರು ‘ಸದಸ್ಯರ ರೌದ್ರ’ ಅಂತ ಬರೆದಿದ್ದರು, ಓದಿ ಮೈ ಉರಿಯಿತು. ರೌದ್ರ ಅನ್ನೋದು ರಸ, ರಂಗದ ಮೇಲೆ ನೋಡುವವರು ಸವಿಯೋದು. ಕ್ರೋಧ ಅದರ ಸ್ಥಾಯಿ ಭಾವ, ಅಂದರೆ ಬುಡದಲ್ಲಿರೋ ಭಾವ. ಎರಡೂ ಒಂದೇ ಅಲ್ಲ. ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷಕ್ಕೆ ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಮುಳ್ಳಿನಂಥ ಚುಕ್ಕಿ, ಇಡಬೇಕು. ಒಣಗಿದಾಗ ಚರ್ಮ ಬಿಗಿಯುತ್ತೆ, ಕೆರೆಯೋ ಹಾಗಿಲ್ಲ. ಅಷ್ಟು ಕಷ್ಟಪಟ್ಟು ತರೋ ರೌದ್ರವನ್ನು ಟ್ಯಾಂಕರ್ ಗಲಾಟೆಗೆ ಎಳೆಯಬೇಡಿ.

ವಾಸ್ಕೊ, ಮೂಲ ಧಾರವಾಡ: ಮನೆಯಲ್ಲಿ ನೀರಿಲ್ಲದಾಗ ಬರೋ ಸಿಟ್ಟು ಸಣ್ಣದಾ? ನೀವು ಕರಾವಳಿಯವರು ಎಲ್ಲದಕ್ಕೂ ‘ಕೋಪ’ ಅಂತ ಮೆತ್ತಗೆ ಹೇಳಿ ಮುಗಿಸ್ತೀರಿ.

ಮುಲುಂಡ್ ವೇಷಧಾರಿ: ಕರಾವಳಿಯ ಸುದ್ದಿಗೆ ಬರಬೇಡಿ. ಮೆತ್ತಗೆ ಹೇಳಿದರೂ ನಮ್ಮ ಕೋಪ ಕೋಪವೇ.

ಕೋಥ್ರೂಡ್ ನಿವಾಸಿ: ಸಂತಾಪ ತೆಗೆದೆ. ‘ನಿವಾಸಿಗಳ ತೀವ್ರ ಆಕ್ರೋಶ’ ಅಂತ ಹಾಕ್ತೀನಿ. ಮರಾಠಿ ಪತ್ರ ಹೇಗೂ ಪಕ್ಕದಲ್ಲೇ ಇರುತ್ತೆ.

ಡೊಂಬಿವಲಿ ಮಾವ: ಪಿಡಿಎಫ್ ಮಾಡಿಯೇ ಅಂಗಡಿಗೆ ಕೊಡಿ, ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತೆ. ಆ ಕಮಿಟಿಯವರು ಇದನ್ನು ಓದ್ತಿದ್ದರೆ, ನನ್ನ 1,440 ರೂಪಾಯಿ ಇನ್ನೂ ಬಾಕಿ ಇದೆ.