ಕೆನ್ನೆಯ ಜೀವಕೋಶದಲ್ಲಿ ಕೋಶಕೇಂದ್ರ ಕಾಣುತ್ತಿಲ್ಲ, ಮೊಸರಿನಲ್ಲಿ ಬರೀ ಗುಳ್ಳೆಗಳು: ತಪ್ಪಾದದ್ದೆಲ್ಲಿ?

ಪ್ರಶ್ನೆ (ಶಿಕ್ಷಕಿ)

ಎಂಟನೆಯ ತರಗತಿಯ ಮಕ್ಕಳಿಗೆ ಸಸ್ಯ, ಪ್ರಾಣಿ ಮತ್ತು ಬ್ಯಾಕ್ಟೀರಿಯಾಗಳ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದೇ ದಿನ ತೋರಿಸಲು ಹೊರಟು ಅರ್ಧದಲ್ಲಿ ನಿಂತಿದ್ದೇನೆ. ಈರುಳ್ಳಿಯ ಒಳಪೊರೆಗೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿದಾಗ ಇಟ್ಟಿಗೆ ಜೋಡಿಸಿದಂತಹ ಕೋಶಗಳೂ ಅವುಗಳ ಕೆಂಪು ಕೋಶಕೇಂದ್ರಗಳೂ ಚೆನ್ನಾಗಿ ಕಂಡವು. ಆದರೆ ಕೋಶಕೇಂದ್ರವು ನಡುವೆ ಇರದೆ ಗೋಡೆಗೆ ಒರಗಿಕೊಂಡಿರುವುದೇಕೆ ಎಂದು ಒಬ್ಬಳು ಕೇಳಿದಾಗ ತಡವರಿಸಿದೆ. ಹಲ್ಲುಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲನೆ ಕೆರೆದು, ಎರಡು ಹನಿ ಮಿಥಿಲೀನ್ ಬ್ಲೂ ಹಾಕಿ ನೋಡಿದರೆ ಎಲ್ಲವೂ ನೀಲಿ, ನಡುನಡುವೆ ಕಪ್ಪು ಅಂಚಿನ ಬಳೆಗಳು. ಮಕ್ಕಳು ಆ ಬಳೆಗಳನ್ನೇ ಜೀವಕೋಶಗಳೆಂದು ಚಿತ್ರ ಬರೆದುಬಿಟ್ಟರು. ಮೊಸರಿನ ಹನಿಯಲ್ಲಂತೂ ಚಿಕ್ಕ ದೊಡ್ಡ ಗುಳ್ಳೆಗಳ ಹೊರತು ಬೇರೇನೂ ಇಲ್ಲ. ಐಪೀಸ್ (ಕಣ್ಣಿಡುವ ಮಸೂರ) 10 ಪಟ್ಟು ಹಿಗ್ಗಿಸುವಂಥದು, ಸ್ಲೈಡಿನ ಬಳಿಯ ಮಸೂರಗಳಾದ ಆಬ್ಜೆಕ್ಟಿವ್‌ಗಳು 10, 40 ಮತ್ತು 100ರವು. ಉಪಕರಣವೇ ಕೆಟ್ಟಿದೆಯೇ?

ಉತ್ತರ 1

ಮೇಡಂ, ಈರುಳ್ಳಿಯನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಉಪಕರಣ ಕೆಟ್ಟಿರಲಾರದು. ಕಪ್ಪು ಅಂಚಿನ ಬಳೆಗಳು ಗಾಳಿಯ ಗುಳ್ಳೆಗಳು; ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಾದ ಕವರ್‌ಸ್ಲಿಪ್ಪನ್ನು ನೇರವಾಗಿ ಮೇಲಿಂದ ಬಿಡದೆ, ಒಂದು ಅಂಚನ್ನು ಮೊದಲು ತಾಗಿಸಿ ಸೂಜಿಯ ಆಸರೆಯಲ್ಲಿ ನಿಧಾನವಾಗಿ ಇಳಿಸಿದರೆ ಅವು ಬಹುಮಟ್ಟಿಗೆ ಇಲ್ಲವಾಗುತ್ತವೆ.

ನೋಟವೆಲ್ಲ ನೀಲಿಯಾಗಲು ಬಣ್ಣ ಹೆಚ್ಚಾದದ್ದೇ ಕಾರಣ. ಮಿಥಿಲೀನ್ ಬ್ಲೂವಿನ ಕಣಗಳು ಧನ ವಿದ್ಯುದಾವೇಶ ಉಳ್ಳವಾದ್ದರಿಂದ ಋಣಾವೇಶದ ಡಿಎನ್‌ಎಗೆ ಬಲವಾಗಿ ಅಂಟಿಕೊಳ್ಳುತ್ತವೆ. ಆದರೆ ಸುತ್ತಲ ದ್ರವದಲ್ಲಿಯೂ ಅದೇ ಬಣ್ಣ ತುಂಬಿದ್ದರೆ ಕೋಶಕೇಂದ್ರ ಎದ್ದು ಕಾಣುವುದಾದರೂ ಹೇಗೆ? ಕೆರೆದದ್ದನ್ನು ಸ್ಲೈಡಿನ ಮೇಲೆ ತೆಳುವಾಗಿ ಹರಡಿ, ಒಣಗಲು ಬಿಟ್ಟು, ನೀರು ಬೆರೆಸಿದ ಬಣ್ಣದ ಒಂದೇ ಹನಿ ಹಾಕಿ, ಒಂದು ನಿಮಿಷದ ಬಳಿಕ ಹೆಚ್ಚಾದುದನ್ನು ಮೆಲ್ಲನೆ ತೊಳೆಯಿರಿ. ನಂತರ ಒಂದು ಹನಿ ನೀರು, ಅದರ ಮೇಲೆ ಕವರ್‌ಸ್ಲಿಪ್. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಯಾಫ್ರಂ ಪೂರ್ತಿ ತೆರೆದಿದ್ದರೆ ಅರ್ಧಕ್ಕಿಂತ ಹೆಚ್ಚು ಮುಚ್ಚಿ, ಏಕೆಂದರೆ ಬಹುಪಾಲು ನೀರೇ ಆಗಿರುವ ಕೋಶವು ಪ್ರಖರ ಬೆಳಕಿನಲ್ಲಿ ಕರಗಿಹೋದಂತೆ ತೋರುತ್ತದೆ. ಈರುಳ್ಳಿಗೆ ಈ ತೊಂದರೆ ಕಡಿಮೆ. ಸೆಲ್ಯುಲೋಸಿನ ಕೋಶಭಿತ್ತಿಯು ಬಣ್ಣವಿಲ್ಲದೆಯೂ ಗೆರೆ ಎಳೆದಂತೆ ಕಾಣುತ್ತದೆ. ಪ್ರಾಣಿಕೋಶಕ್ಕಿರುವುದು ಬರೀ ಪೊರೆ, ಅದೂ ಒಂದು ಮೈಕ್ರೋಮೀಟರಿನ (ಮಿಲಿಮೀಟರಿನ ಸಾವಿರದ ಒಂದು ಭಾಗ) ನೂರನೆಯ ಒಂದು ಭಾಗಕ್ಕಿಂತ ತೆಳುವಾದದ್ದು.

ಆ ಹುಡುಗಿಯ ಪ್ರಶ್ನೆ ಬಹಳ ಒಳ್ಳೆಯದು. ಬಲಿತ ಸಸ್ಯಕೋಶದ ಬಹುಭಾಗವನ್ನು ರಸದಾನಿ ಎಂಬ, ನೀರು ತುಂಬಿದ ಒಂದೇ ದೊಡ್ಡ ಚೀಲ ಆಕ್ರಮಿಸಿರುತ್ತದೆ. ಅದು ಕೋಶರಸವನ್ನೂ ಕೋಶಕೇಂದ್ರವನ್ನೂ ಗೋಡೆಯ ಬದಿಗೆ ಒತ್ತಿರುತ್ತದೆ. ಪುರಾವೆ ಬೇಕಿದ್ದರೆ ಕವರ್‌ಸ್ಲಿಪ್ಪಿನ ಒಂದು ಬದಿಗೆ ದಟ್ಟ ಉಪ್ಪುನೀರಿನ ಹನಿಯಿಟ್ಟು, ಎದುರು ಬದಿಯಿಂದ ಬ್ಲಾಟಿಂಗ್ ಕಾಗದದಲ್ಲಿ ನೀರು ಹೀರಿ. ಕೆಂಪು ಈರುಳ್ಳಿಯ ಹೊರಮೈ ಸಿಪ್ಪೆಯಾದರೆ ಇನ್ನೂ ಚೆನ್ನ, ರಸದಾನಿಯಲ್ಲಿಯೇ ನೇರಳೆ ಬಣ್ಣವಿರುತ್ತದೆ. ನೋಡನೋಡುತ್ತಿದ್ದಂತೆ ಆ ಬಣ್ಣದ ಚೀಲ ಕುಗ್ಗಿ ಗೋಡೆಯಿಂದ ಕಳಚಿಕೊಳ್ಳುತ್ತದೆ, ಗೋಡೆ ಮಾತ್ರ ಇದ್ದಲ್ಲಿಯೇ ಇರುತ್ತದೆ.

ಶಿಕ್ಷಕಿ

ಹೇಳಿದಂತೆಯೇ ಮಾಡಿದೆ. ತಟ್ಟೆಯಂತೆ ಚಪ್ಪಟೆಯಾದ, ಅಂಚು ಮಡಚಿದ ಕೋಶಗಳು ಸಿಕ್ಕವು. ಪ್ರತಿಯೊಂದರ ನಡುವೆಯೂ ಕಡುನೀಲಿ ಕೋಶಕೇಂದ್ರವಿತ್ತು. ಆದರೆ ಕೆಲವು ಕೋಶಗಳ ಮೇಲೆ ಸಾಸಿವೆಗಿಂತಲೂ ಸಣ್ಣದೆನ್ನಿಸುವ ನೀಲಿ ಚುಕ್ಕೆಗಳಿವೆ. ಬಣ್ಣವನ್ನು ಸೋಸದೆ ಹಾಕಿದ್ದರ ಕಸವಿರಬಹುದೇ? ಮೊಸರು ಇನ್ನೂ ಹಾಗೆಯೇ ಇದೆ. ಎಣ್ಣೆ ಬೇಕೆಂದು 100ರ ಆಬ್ಜೆಕ್ಟಿವ್‌ಗೆ ಕೊಬ್ಬರಿ ಎಣ್ಣೆ ಹಾಕಿಯೂ ನೋಡಿದೆ.

ಉತ್ತರ 2

ಬಣ್ಣದ ಕಸವಾದರೆ ಚೂಪು ಅಂಚಿನ, ಅಳತೆಗೆಟ್ಟ ಚೂರುಗಳಾಗಿ ಕೋಶಗಳ ಹೊರಗೂ ಬಿದ್ದಿರುತ್ತದೆ. ನಿಮ್ಮ ಚುಕ್ಕೆಗಳು ಒಂದೇ ಗಾತ್ರದವಾಗಿ, ಜೋಡಿಯಾಗಿ ಅಥವಾ ಸಾಲಾಗಿ ಕೋಶಗಳಿಗೆ ಅಂಟಿಕೊಂಡಿದ್ದರೆ ಅವು ಬಾಯಿಯ ಬ್ಯಾಕ್ಟೀರಿಯಾಗಳು. ಮೊಸರಿನಲ್ಲಿ ಹುಡುಕುತ್ತಿದ್ದುದು ಕೆನ್ನೆಯ ಸ್ಲೈಡಿನಲ್ಲಿಯೇ ಕುಳಿತಿತ್ತೆನ್ನಿ! ಪ್ರಾಣಿಕೋಶ ಮತ್ತು ಬ್ಯಾಕ್ಟೀರಿಯಾ ಒಂದೇ ನೋಟದಲ್ಲಿ ಸಿಗುವ ಇದಕ್ಕಿಂತ ಸುಲಭದ ಸ್ಲೈಡು ನನಗೆ ಗೊತ್ತಿಲ್ಲ. ಕೆನ್ನೆಯ ಕೋಶ ಸುಮಾರು 60 ಮೈಕ್ರೋಮೀಟರ್ ಅಗಲ, ಬ್ಯಾಕ್ಟೀರಿಯಾ ಸುಮಾರು 1. ಅದರ ಡಿಎನ್‌ಎಗೆ ಪ್ರತ್ಯೇಕ ಪೊರೆ ಇಲ್ಲ, ಸಾಲದ್ದಕ್ಕೆ ಪ್ರೋಟೀನು ತಯಾರಿಸುವ ಕಣಗಳಾದ ರೈಬೋಸೋಮುಗಳ ಆರ್‌ಎನ್‌ಎ ಕೂಡ ಬಣ್ಣ ಹಿಡಿಯುತ್ತದೆ; ಹಾಗಾಗಿ ಒಳಗೊಂದು ಚುಕ್ಕೆಯಾಗಿ ಕಾಣದೆ ಇಡೀ ಕೋಶವೇ ನೀಲಿಯಾಗುತ್ತದೆ.

ಮೊಸರಿನ ಗುಳ್ಳೆಗಳು ಬೆಣ್ಣೆಯ ಕಣಗಳು. ಗಟ್ಟಿ ಮೊಸರನ್ನು ಬಿಟ್ಟು ಮೇಲೆ ನಿಂತ ತಿಳಿನೀರನ್ನು ಸೂಜಿಮೊನೆಯಷ್ಟು ತೆಗೆದುಕೊಳ್ಳಿ. ಹರಡಿ ಒಣಗಿಸಿ, ಸ್ಲೈಡನ್ನು ಸ್ಪಿರಿಟ್ ದೀಪದ ಜ್ವಾಲೆಯ ಮೇಲೆ ಎರಡು ಮೂರು ಬಾರಿ ಬೇಗನೆ ಹಾಯಿಸಿ, ಆಮೇಲೆ ಬಣ್ಣ ಹಾಕಿ ತೊಳೆಯಿರಿ. ಈ ಸ್ಲೈಡಿಗೆ ಕವರ್‌ಸ್ಲಿಪ್ ಬೇಡ, ಒಣಗಿದ ಮೇಲೆ ನೇರವಾಗಿ ಎಣ್ಣೆಯ ಹನಿ. ಆ ಎಣ್ಣೆಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಗಾಜಿನಂತೆ ಸುಮಾರು 1.52 ಇರಬೇಕು, ಕೊಬ್ಬರಿ ಎಣ್ಣೆಯದು ಸುಮಾರು 1.45, ಅದರಲ್ಲಿ ಚಿತ್ರ ಮಸುಕಾಗುವುದು ಸಹಜ. ಈಗ ಅಂಟಿರುವ ಎಣ್ಣೆಯನ್ನು ಸೆರಗಿನಿಂದಲೋ ಕರವಸ್ತ್ರದಿಂದಲೋ ಒರೆಸಬೇಡಿ, ಮಸೂರ ಒರೆಸುವ ಕಾಗದವನ್ನೇ ಬಳಸಿ.

ಶಿಕ್ಷಕಿ

ಸರಿಯಾದ ಎಣ್ಣೆ ತರಿಸಿದೆ. ತಿಳಿನೀರಿನಲ್ಲಿ ಮಣಿಸರದಂತಹ ದುಂಡು ಕೋಶಗಳ ಸಾಲುಗಳೂ ಅಲ್ಲಲ್ಲಿ ಕಡ್ಡಿಗಳೂ ಕಂಡವು. ಬಳೆಗಳನ್ನು ಬರೆದಿದ್ದವರು ಆ ಚಿತ್ರಗಳನ್ನು ಅಳಿಸದೆ, ಕೆಳಗೆ ಗಾಳಿಗುಳ್ಳೆ ಎಂದು ಹೆಸರು ಬರೆದುಕೊಂಡಿದ್ದಾರೆ.