ಅಪ್‌ಡೇಟ್: ಅಪ್ಪನ ಯಕ್ಷಗಾನ ವಿಡಿಯೋಗಳ ಕಾಪಿ ಮುಗಿಯಿತು

ಲ್ಯಾಪ್‌ಟಾಪಿನಿಂದ ಹೊರಗಿನ ಡಿಸ್ಕಿಗೆ ಆರ್‌ಸಿಂಕ್‌ನಲ್ಲಿ (ಹೊಸ ಅಥವಾ ಬದಲಾದ ಫೈಲ್‌ಗಳನ್ನಷ್ಟೇ ಕಾಪಿ ಮಾಡುವ ಪ್ರೋಗ್ರಾಂ) ಕಾಪಿ ಮಾಡಿದರೆ, ಎರಡನೇ ಸಲವೂ ಅರ್ಧದಷ್ಟು ಫೈಲ್ ಸುಮ್ನೆ ಮತ್ತೆ ಕಾಪಿ ಆಗುತ್ತಿದೆ, ಯಾಕೆ ಅಂತ ಕೇಳಿದ್ದೆ. ಕಾರಣ ಸಿಕ್ಕಿತು.

ಡಿಸ್ಕ್ ಫ್ಯಾಟ್32ರಲ್ಲಿತ್ತು, ಅಂದರೆ ಫೈಲ್‌ಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಒಂದು ಹಳೆಯ ವ್ಯವಸ್ಥೆ. ಅದು ಫೈಲ್ ಬದಲಾದ ಸಮಯವನ್ನು 2 ಸೆಕೆಂಡಿನ ಲೆಕ್ಕದಲ್ಲೇ ಇಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪಿನಲ್ಲಿ 15ನೇ ಸೆಕೆಂಡ್ ಇದ್ದದ್ದು ಅಲ್ಲಿ 14 ಆಗುತ್ತದೆ. ಆರ್‌ಸಿಂಕ್ ಸಾಮಾನ್ಯವಾಗಿ ಗಾತ್ರ, ಸಮಯ ಎರಡನ್ನೇ ನೋಡುತ್ತದೆ. ಹಾಗಾಗಿ ಫೈಲ್ ಬದಲಾಗಿದೆ ಅಂದುಕೊಳ್ಳುತ್ತದೆ. ನಿಮ್ಮಲ್ಲೊಬ್ಬರು ಹೇಳಿದಂತೆ ‘ಮಾಡಿಫೈ-ವಿಂಡೋ’ ಆಯ್ಕೆಗೆ 1 ಕೊಟ್ಟೆ, ಅಂದರೆ 1 ಸೆಕೆಂಡಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೋಬೇಡ ಅಂತ. ಆ ಕಾಟ ನಿಂತಿತು.

ಆದರೆ ಇಡೀ ರಾತ್ರಿಯ ಆಟದ ರೆಕಾರ್ಡಿಂಗ್‌ಗಳು ಹೋಗಲೇ ಇಲ್ಲ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿಗಿಂತ ಜಾಸ್ತಿ ಇರುವಂತಿಲ್ಲ. ಡಿಸ್ಕನ್ನು ಎಕ್ಸ್‌ಟಿ4ಗೆ (ಲಿನಕ್ಸ್‌ನ ಫೈಲ್ ವ್ಯವಸ್ಥೆ, ಸಮಯವನ್ನು ನಿಖರವಾಗಿ ಇಡುತ್ತದೆ) ಫಾರ್ಮ್ಯಾಟ್ ಮಾಡಿ ಮೊದಲಿನಿಂದ ಶುರು ಮಾಡಿದೆ. ಈಗ ಆ ವಿಂಡೋ ಆಯ್ಕೆಯೂ ಬೇಡ.

ತೀರ್ಥಹಳ್ಳಿ ಕಡೆ ಮಳೆಗಾಲದ ಕರೆಂಟ್ ಗೊತ್ತಲ್ವಾ? ರಾತ್ರಿ ಮೂರು ಸಲ ಹೋಯಿತು. ಪ್ರತಿ ಸಲ ಡಿಸ್ಕನ್ನು ಮತ್ತೆ ಮೌಂಟ್ ಮಾಡಿ (ಬಳಕೆಗೆ ಸಿಗುವಂತೆ ಜೋಡಿಸಿ) ಅದೇ ಕಮಾಂಡ್ ಕೊಟ್ಟೆ. ಮುಗಿದ ಫೈಲ್‌ಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ತೆಗೆದುಕೊಂಡಿತು. ಕೊನೆಗೆ ‘ಚೆಕ್‌ಸಮ್’ (ಫೈಲ್ ಒಳಗಿನದ್ದನ್ನೇ ಹೋಲಿಸುವುದು), ‘ಡ್ರೈ-ರನ್’ (ಕಾಪಿ ಮಾಡದೆ ಬರೀ ಪರೀಕ್ಷೆ), ‘ವರ್ಬೋಸ್’ (ಕಾಪಿ ಆಗಬೇಕಾದ ಫೈಲ್‌ಗಳ ಹೆಸರು ತೋರಿಸುವುದು) ಮೂರನ್ನೂ ಸೇರಿಸಿ ಓಡಿಸಿದೆ. ಒಂದು ಫೈಲ್ ಹೆಸರೂ ಬರಲಿಲ್ಲ, ಅಂದರೆ ಎರಡೂ ಕಡೆ ಎಲ್ಲ ಒಂದೇ ಇದೆ.

ಅಪ್ಪನ ಭಾಗವತಿಕೆ ಈಗ ಎರಡು ಕಡೆ ಇದೆ. ಸಹಾಯ ಮಾಡಿದ ಎಲ್ಲರಿಗೂ ತುಂಬಾ ಧನ್ಯವಾದ.